ಮಹಿಳಾ ಫುಟ್‌ಬಾಲ್: ಆಟ ತೋರಿಸುವಾಗ ಆಡಳಿತದ ಹಗರಣಗಳನ್ನೂ ಮಕ್ಕಳಿಗೆ ಹೇಳಬೇಕೆ?

ತುಂಗಾತೀರ (ತೀರ್ಥಹಳ್ಳಿ ಕಡೆ):

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುವವನು. ನಮ್ಮಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದೆ. ಕಾಲೇಜಿನ ದಿನಗಳಲ್ಲಿ ಒಂದಿಷ್ಟು ಫುಟ್‌ಬಾಲ್ ಆಡಿದ್ದೆನೆಂಬ ಒಂದೇ ಕಾರಣಕ್ಕೆ ಹೆಣ್ಣುಮಕ್ಕಳ ತಂಡದ ಹೊಣೆ ನನ್ನ ಹೆಗಲಿಗೆ ಬಿದ್ದು ಕೆಲವು ವರ್ಷಗಳಾದವು. ಗೋಲಿನ ಕಂಬಗಳು ಅಡಿಕೆ ಮರದವು, ಮೇಲಿನ ಅಡ್ಡಪಟ್ಟಿ ಬಿದಿರಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದ ಚೆಂಡು ಒದ್ದಲ್ಲೇ ಕೆಸರಿನಲ್ಲಿ ಕೂರುತ್ತದೆ. ಆದರೂ ಹದಿನಾಲ್ಕು ಹುಡುಗಿಯರು ಶಾಲೆ ಬಿಟ್ಟ ಮೇಲೆ ತಪ್ಪದೆ ಬರುತ್ತಾರೆ.

2023ರ ವಿಶ್ವಕಪ್ ಫೈನಲ್ ಅನ್ನು ನಮ್ಮ ಮನೆಯಲ್ಲಿ ಅವರಿಗೆ ತೋರಿಸಿದ್ದೆ. ಆಗಸ್ಟ್ 20, ಭಾನುವಾರ. ಸಿಡ್ನಿಯಲ್ಲಿ ರಾತ್ರಿ ಎಂಟು, ನಮಗೆ ಮಧ್ಯಾಹ್ನ ಮೂರೂವರೆ. ಆ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟಿದ್ದರಿಂದ ದೂರದ ಮನೆಯವರೂ ಕೊಡೆಯಿಲ್ಲದೆ ನಡೆದು ಬಂದಿದ್ದರು. ಮರುದಿನ ನಾಗರ ಪಂಚಮಿ ಇತ್ತು. ನನ್ನ ಹೆಂಡತಿ ಕಡುಬಿಗೆಂದು ಅರಿಶಿನದ ಎಲೆಗಳನ್ನು ಒರೆಸಿ ಜೋಡಿಸುತ್ತಲೇ ಆಟ ನೋಡುತ್ತಿದ್ದಳು. ಇಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಓಲ್ಗಾ ಕಾರ್ಮೋನಾ ಎಡಗಾಲಿನಿಂದ ಬಾರಿಸಿದ ಚೆಂಡು ದೂರದ ಮೂಲೆಗೆ ಹೋದಾಗ ನಮ್ಮ ಮನೆಯ ಬೆಕ್ಕು ಹೆದರಿ ಅಟ್ಟ ಸೇರಿತು. ಸ್ಪೇನ್ ಇಂಗ್ಲೆಂಡನ್ನು 1–0 ಅಂತರದಿಂದ ಸೋಲಿಸಿತು.

ಪದಕ ಕೊಡುವ ಹೊತ್ತಿನಲ್ಲಿ ಏನಾಯಿತೆಂಬುದು ನಿಮಗೆಲ್ಲ ಗೊತ್ತಿದೆ. ಸ್ಪೇನಿನ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾಗಿದ್ದ ಲೂಯಿಸ್ ರೂಬಿಯಾಲೆಸ್ ಆಟಗಾರ್ತಿ ಜೆನ್ನಿ ಎರ್ಮೋಸೊ ಅವರ ತಲೆಯನ್ನು ಎರಡೂ ಕೈಗಳಿಂದ ಹಿಡಿದು ತುಟಿಗೆ ಮುತ್ತಿಟ್ಟರು. ಆಗ ಎಂಟನೆಯ ತರಗತಿಯಲ್ಲಿದ್ದ ಹುಡುಗಿಯೊಬ್ಬಳು, “ಸರ್, ಅವರು ಯಾರು? ಆ ಅಕ್ಕನನ್ನು ಕೇಳದೆ ಹಾಗೆ ಮಾಡಬಹುದಾ?” ಎಂದು ಕೇಳಿದಳು. ಕರೆಂಟು ಹೋಗುವ ಹೊತ್ತಾಯಿತು, ಹೊರಡಿ ಎಂದು ಹೇಳಿ ನಾನು ಟಿವಿ ಆರಿಸಿದೆ. ಆ ಸುಳ್ಳು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಈಗ ಅದೇ ಹುಡುಗಿ ಹತ್ತನೆಯ ತರಗತಿಯಲ್ಲಿದ್ದಾಳೆ, ತಂಡದ ನಾಯಕಿಯೂ ಹೌದು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಾಸ್ಫೋರ್ ಹೊಡೆದ ಎರಡು ಗೋಲುಗಳಿಂದ ಭಾರತ ಥಾಯ್ಲೆಂಡನ್ನು 2–1ರಿಂದ ಸೋಲಿಸಿ, ಮೊದಲ ಬಾರಿಗೆ ಅರ್ಹತಾ ಸುತ್ತನ್ನು ಗೆದ್ದು ಏಷ್ಯಾ ಕಪ್‌ಗೆ ಹೋದ ಸುದ್ದಿಯನ್ನು ಶಾಲೆಯ ಹಲಗೆಯ ಮೇಲೆ ಬರೆದವಳು ಅವಳೇ. ಅವಳು ಈಗ ಪತ್ರಿಕೆ ಓದುತ್ತಾಳೆ, ಒಕ್ಕೂಟಗಳ ಜಗಳದ ಬಗ್ಗೆ ಕೇಳುತ್ತಾಳೆ. ಇವನ್ನೆಲ್ಲ ಮಕ್ಕಳಿಗೆ ಹೇಳಬೇಕೆ, ಅಥವಾ ಆಟವನ್ನಷ್ಟೇ ತೋರಿಸಿ ಸುಮ್ಮನಿರಬೇಕೆ? ಇಂಥ ಆಡಳಿತಗಳ ಅಡಿಯಲ್ಲಿ ನಡೆಯುವ ಆಟವನ್ನು ನಾವು ಮೆಚ್ಚಿ ನೋಡಿದರೆ ಆ ಮೆಚ್ಚುಗೆ ಯಾರಿಗೆ ಸಲ್ಲುತ್ತದೆ? ತಿಳಿದವರು ದಯವಿಟ್ಟು ಉತ್ತರಿಸಬೇಕು.

ನಿವೃತ್ತ ಪಿಟಿ ಮೇಷ್ಟ್ರು (ಸಾಗರ):

ಮೇಷ್ಟ್ರೇ, ಮೂವತ್ತು ವರ್ಷ ಮಕ್ಕಳನ್ನು ಮೈದಾನಕ್ಕೆ ಕರೆತಂದವನಾಗಿ ಹೇಳುತ್ತೇನೆ: ಸ್ವಲ್ಪ ತಾಳ್ಮೆಯಿರಲಿ. ನಮ್ಮ ಕಡೆ ಹೆಣ್ಣುಮಕ್ಕಳು ಕಬಡ್ಡಿ, ವಾಲಿಬಾಲ್, ಖೋಖೋಗಳಿಗೆ ಬರುವುದನ್ನು ಮನೆಯವರು ಒಪ್ಪಿಕೊಳ್ಳಲು ಎಷ್ಟು ಕಾಲ ಬೇಕಾಯಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಜೆ ಆರರ ಬಸ್ಸು ತಪ್ಪಿದರೆ ಏನು ಗತಿ, ಜಿಲ್ಲಾ ಮಟ್ಟಕ್ಕೆ ಹೋದಾಗ ರಾತ್ರಿ ಎಲ್ಲಿ ಉಳಿಯುತ್ತಾರೆ, ಜೊತೆಗೆ ಯಾರಿರುತ್ತಾರೆ ಎಂಬ ಪ್ರಶ್ನೆಗಳಿಗೆ ಮನೆ ಮನೆಗೆ ಹೋಗಿ, ಕಾಫಿ ಕುಡಿದು, ಉತ್ತರ ಕೊಟ್ಟು ಬಂದವನು ನಾನು. ಅಂಥ ಮನೆಯಲ್ಲಿ ಮಗಳು ರಾತ್ರಿ ಊಟಕ್ಕೆ ಕುಳಿತು “ಫುಟ್‌ಬಾಲ್ ಸಂಘದವರು ಹೀಗೆಲ್ಲ ಮಾಡುತ್ತಾರಂತೆ” ಎಂದರೆ, ಮರುದಿನ ನಿಮ್ಮ ತಂಡದಲ್ಲಿ ಹದಿಮೂರು ಜನ, ವಾರ ಕಳೆದರೆ ಏಳು ಜನ.

ಹಗರಣ ನಡೆದಿಲ್ಲವೆಂದು ನಾನು ಹೇಳುತ್ತಿಲ್ಲ. ಹದಿಮೂರರ ಹುಡುಗಿಗೆ ಮೊದಲು ಚೆಂಡನ್ನು ನಿಲ್ಲಿಸುವುದು ಬರಲಿ, ತಲೆಯೆತ್ತಿ ಪಾಸ್ ಕೊಡುವುದು ಬರಲಿ. ಕುರ್ಚಿಯ ಕಥೆ ತಾನಾಗಿಯೇ ತಿಳಿಯುತ್ತದೆ.

ಹಳೆಯ ಗೋಲಿ (ಭದ್ರಾವತಿ):

ಮೇಷ್ಟ್ರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ನನಗೆ ಅವರ ಮಾತು ಒಪ್ಪಿಗೆಯಿಲ್ಲ. ತಾನಾಗಿಯೇ ತಿಳಿಯುವುದು ಹೇಗೆಂದು ನನಗೆ ಅನುಭವವಿದೆ.

ಪದವಿ ಓದುವಾಗ ನಾನು ಅಂತರ ಕಾಲೇಜು ಪಂದ್ಯಗಳಲ್ಲಿ ಗೋಲ್‌ಕೀಪರ್ ಆಗಿದ್ದೆ. ಹೊರ ಜಿಲ್ಲೆಯ ಒಂದು ಟೂರ್ನಿಯಲ್ಲಿ ನಮ್ಮನ್ನು ಒಳಗಿನಿಂದ ಚಿಲಕವಿಲ್ಲದ ಹಾಲ್‌ನಲ್ಲಿ ಮಲಗಿಸಿದ್ದರು. ತಂಡದ ವ್ಯವಸ್ಥಾಪಕರು ಬೆಳಗ್ಗೆ ಎಬ್ಬಿಸುವ ನೆಪದಲ್ಲಿ ಬಾಗಿಲು ತಟ್ಟದೆ ಒಳಗೆ ಬರುತ್ತಿದ್ದರು. ಎರಡನೆಯ ರಾತ್ರಿ ನಾವು ಬಾಗಿಲಿನ ಎರಡೂ ಹಿಡಿಗಳಿಗೆ ಶೂ ಲೇಸ್ ಬಿಗಿದು, ಅದರ ಕೆಳಗೆ ಕಿಟ್ ಬ್ಯಾಗುಗಳನ್ನು ಒಟ್ಟಿ ಮಲಗಿದೆವು. ಮರಳಿ ಬಂದು ದೂರು ಕೊಟ್ಟಾಗ ಸಿಕ್ಕ ಉತ್ತರ, “ಕಷ್ಟವಾಗುವುದಾದರೆ ಮುಂದಿನ ವರ್ಷ ಬರಬೇಡಿ” ಎಂಬುದು. ನಾನು ಹೋಗಲಿಲ್ಲ. ಆಗ ನನಗೆ ಹತ್ತೊಂಬತ್ತು. ಅದು ನನ್ನೊಬ್ಬಳ ಹಣೆಬರಹವೆಂದು ವರ್ಷಗಟ್ಟಲೆ ನಂಬಿದ್ದೆ. ಬೇರೆ ಕಡೆಯ ಆಟಗಾರ್ತಿಯರು ಇಂಥದ್ದನ್ನೇ ಎದುರಿಸಿ ಗೆದ್ದ ಕಥೆಯನ್ನು ಯಾರಾದರೂ ಹೇಳಿದ್ದರೆ ನಾನು ಇನ್ನೂ ಎರಡು ವರ್ಷ ಆಡುತ್ತಿದ್ದೆನೇನೋ.

ಸ್ಪೇನಿನ ಕಥೆಯನ್ನು ಮುತ್ತಿನ ಘಟನೆಯಿಂದ ಶುರುಮಾಡಬೇಡಿ, ಅದಕ್ಕಿಂತ ಒಂದು ವರ್ಷ ಹಿಂದಿನಿಂದ ಹೇಳಿ. 2022ರ ಸೆಪ್ಟೆಂಬರ್‌ನಲ್ಲಿ ಹದಿನೈದು ಆಟಗಾರ್ತಿಯರು, ತಂಡದೊಳಗಿನ ಪರಿಸ್ಥಿತಿ ತಮ್ಮ ಮನಸ್ಸಿನ ಮೇಲೂ ಆರೋಗ್ಯದ ಮೇಲೂ ಪರಿಣಾಮ ಬೀರುತ್ತಿದೆ, ಅದು ಸರಿಯಾಗುವವರೆಗೆ ತಮ್ಮನ್ನು ಆಯ್ಕೆಗೆ ಪರಿಗಣಿಸಬೇಡಿ ಎಂದು ಒಕ್ಕೂಟಕ್ಕೆ ಬರೆದರು. ಒಕ್ಕೂಟ ಆ ಸಂಗತಿಯನ್ನು ಊರಿಗೆಲ್ಲ ತಿಳಿಸಿ, ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರಷ್ಟೇ ವಾಪಸು ಕರೆಯುವುದಾಗಿ ಹೇಳಿತು. ಆ ಹದಿನೈದರಲ್ಲಿ ವಿಶ್ವಕಪ್‌ಗೆ ಹೋದವರು ಮೂವರೇ: ಐತಾನಾ ಬೊನ್ಮಾತಿ, ಮರಿಯೋನಾ ಕಾಲ್ದೆಂತೆ, ಓನಾ ಬಾಟ್ಯೆ. ಉಳಿದವರು ನಮ್ಮಂತೆಯೇ ಮನೆಯಲ್ಲಿ ಕುಳಿತು ಫೈನಲ್ ನೋಡಬೇಕಾಯಿತು. ತಂಡ ಗೆದ್ದದ್ದನ್ನು ನೋಡಿ ಅವರ ಹೊಟ್ಟೆಯಲ್ಲಿ ಏನಾಗಿರಬಹುದೆಂದು ನಾನು ಆಗಾಗ ಯೋಚಿಸುತ್ತೇನೆ.

ಅನಂತರದ್ದು ವೇಗವಾಗಿ ನಡೆಯಿತು. ಆಗಸ್ಟ್ 25ರಂದು ಒಕ್ಕೂಟದ ಸಭೆಯಲ್ಲಿ ರೂಬಿಯಾಲೆಸ್ ರಾಜೀನಾಮೆ ಕೊಡುವುದಿಲ್ಲವೆಂದು ಮತ್ತೆ ಮತ್ತೆ ಹೇಳಿದಾಗ ಸಭೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅದೇ ದಿನ ಎಂಬತ್ತೊಂದು ಆಟಗಾರ್ತಿಯರು, ಈ ನಾಯಕತ್ವ ಇರುವವರೆಗೆ ದೇಶದ ಪರ ಆಡುವುದಿಲ್ಲವೆಂದು ಸಹಿ ಹಾಕಿದರು. ಮರುದಿನ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ರೂಬಿಯಾಲೆಸ್ ಅವರನ್ನು ಅಮಾನತು ಮಾಡಿತು, ಸೆಪ್ಟೆಂಬರ್ 5ರಂದು ತರಬೇತುದಾರ ಹೋರ್ಹೆ ವಿಲ್ದಾ ಅವರನ್ನು ತೆಗೆದರು, 10ರಂದು ರೂಬಿಯಾಲೆಸ್ ತಾವೇ ರಾಜೀನಾಮೆ ಕೊಟ್ಟರು. 2025ರ ಫೆಬ್ರವರಿಯಲ್ಲಿ ಸ್ಪೇನಿನ ನ್ಯಾಯಾಲಯ ಅವರನ್ನು ಲೈಂಗಿಕ ದೌರ್ಜನ್ಯದ ಅಪರಾಧಿಯೆಂದು ಹೇಳಿ 10,800 ಯೂರೋ ದಂಡ ಹಾಕಿತು. ಎರ್ಮೋಸೊ ಅವರ ಮೇಲೆ ಒತ್ತಡ ಹೇರಿದ ಆರೋಪದಿಂದ ಮಾತ್ರ ಬಿಡುಗಡೆ ಮಾಡಿತು. ನಿಮ್ಮ ನಾಯಕಿ ಎಂಟನೆಯ ತರಗತಿಯಲ್ಲಿ ಕೇಳಿದ್ದೂ ಆ ನ್ಯಾಯಾಲಯ ಕೇಳಿಕೊಂಡದ್ದೂ ಒಂದೇ ಪ್ರಶ್ನೆ: ಆಕೆಯನ್ನು ಕೇಳಿದ್ದರೇ? ಸರ್, ನಿಮ್ಮ ಹುಡುಗಿಗೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪಠ್ಯದಲ್ಲಿದೆ?

ಕಪ್ಪು ಕೋಟು (ಶಿವಮೊಗ್ಗ):

ವಕೀಲಿ ವೃತ್ತಿಯವನಾದ್ದರಿಂದ ನಮ್ಮ ದೇಶದ ಕಡೆಯ ವಿಷಯವನ್ನು ಸೇರಿಸುತ್ತೇನೆ. ಸ್ಪೇನಿನದನ್ನೇ ಹೇಳಿ ನಿಲ್ಲಿಸಿದರೆ ಮಕ್ಕಳು ಇದು ಹೊರದೇಶದ ರೋಗ ಎಂದುಕೊಂಡಾರು.

ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಆಡಳಿತ ಮಂಡಳಿಯ ಅವಧಿ 2020ರ ಡಿಸೆಂಬರ್‌ನಲ್ಲಿ ಮುಗಿದರೂ ಚುನಾವಣೆ ನಡೆಯಲಿಲ್ಲ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಪ್ರಫುಲ್ ಪಟೇಲ್ ನೇತೃತ್ವದ ಮಂಡಳಿಯನ್ನು ಇಳಿಸಿ ಮೂವರ ಆಡಳಿತ ಸಮಿತಿಯನ್ನು ಕೂರಿಸಿತು. ಒಕ್ಕೂಟದ ಕೆಲಸದಲ್ಲಿ ಮೂರನೆಯವರು ಕೈಹಾಕಬಾರದೆಂಬುದು ಫಿಫಾದ ನಿಯಮ. ಅದನ್ನು ಮುಂದಿಟ್ಟು ಫಿಫಾ ಆಗಸ್ಟ್ ನಡುವಿನಲ್ಲಿ ಭಾರತವನ್ನೇ ಅಮಾನತು ಮಾಡಿತು. ಆ ಕ್ಷಣದಲ್ಲಿ ಗೋಕುಲಂ ಕೇರಳದ ಹೆಣ್ಣುಮಕ್ಕಳ ತಂಡ ಏಷ್ಯಾದ ಕ್ಲಬ್ ಪಂದ್ಯಾವಳಿಗೆಂದು ಉಜ್ಬೇಕಿಸ್ತಾನದ ತಾಷ್ಕೆಂಟ್‌ಗೆ ಹೋಗಿ ಇಳಿದಿತ್ತು. ದೇಶದ ಲೀಗ್ ಗೆದ್ದು ಆ ಹಕ್ಕನ್ನು ಸಂಪಾದಿಸಿದ್ದ ಅವರು ಒಂದು ಪಂದ್ಯವನ್ನೂ ಆಡದೆ ಮರಳಿದರು. ಅಕ್ಟೋಬರ್‌ನಲ್ಲಿ ನಮ್ಮಲ್ಲೇ ನಡೆಯಬೇಕಿದ್ದ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಕೂಡ ಕೈತಪ್ಪುವುದರಲ್ಲಿತ್ತು. ಕೋರ್ಟು ಸಮಿತಿಯನ್ನು ವಿಸರ್ಜಿಸಿದ ಬಳಿಕ ಆಗಸ್ಟ್ 26ರಂದು ಅಮಾನತು ತೆರವಾಗಿ ಅದು ಉಳಿಯಿತು. ಚುನಾವಣೆಗೆ ಸುಮಾರು ಒಂದೂವರೆ ವರ್ಷ ಮೈಗಳ್ಳತನ ಮಾಡಿದವರಾರೂ ಆ ಹತ್ತು ದಿನ ವಿಮಾನ ನಿಲ್ದಾಣದಲ್ಲಿ ಚೀಲ ಹಿಡಿದು ನಿಲ್ಲಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಇದು ನಮ್ಮಲ್ಲಿ ಮಾತ್ರವೂ ಅಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡ್ ತಂಡದ ಅಭ್ಯಾಸವನ್ನು ಕೆನಡಾದ ಸಿಬ್ಬಂದಿ ಡ್ರೋನ್ ಹಾರಿಸಿ ಕದ್ದು ನೋಡಿದ್ದಕ್ಕೆ ಫಿಫಾ ತರಬೇತುದಾರರನ್ನು ಒಂದು ವರ್ಷ ಹೊರಗಿಟ್ಟಿತು, ಜೊತೆಗೆ ತಂಡದ ಆರು ಅಂಕಗಳನ್ನು ಕಿತ್ತುಕೊಂಡಿತು. ಆಟಗಾರ್ತಿಯರು ಮೂರಕ್ಕೆ ಮೂರು ಪಂದ್ಯ ಗೆದ್ದು ಆ ಸಾಲ ತೀರಿಸಿ ಕ್ವಾರ್ಟರ್ ಫೈನಲ್ ತಲುಪಿದರು. ಡ್ರೋನಿನ ಗುಂಡಿ ಒತ್ತಿದವರು ಅವರಲ್ಲ.

ನಮ್ಮಲ್ಲಿ ಸದ್ಯ ಆದ ಒಂದು ಬದಲಾವಣೆಯನ್ನು ಮಕ್ಕಳಿಗೆ ಹೇಳಬಹುದು. 2025ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್, ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರು ಸಿದ್ಧಪಡಿಸಿದ ಒಕ್ಕೂಟದ ಹೊಸ ಸಂವಿಧಾನಕ್ಕೆ ಕೆಲವು ತಿದ್ದುಪಡಿಗಳೊಂದಿಗೆ ಒಪ್ಪಿಗೆ ಕೊಟ್ಟಿತು. ಹದಿನಾಲ್ಕು ಜನರ ಕಾರ್ಯಕಾರಿ ಸಮಿತಿ; ಇಬ್ಬರು ಉಪಾಧ್ಯಕ್ಷರಲ್ಲಿ ಒಬ್ಬರು ಮಹಿಳೆ; ಹೆಸರು ಮಾಡಿದ ಮಾಜಿ ಆಟಗಾರರಿಗೆ ಐದು ಸ್ಥಾನ, ಅದರಲ್ಲಿ ಇಬ್ಬರು ಆಟಗಾರ್ತಿಯರು. 2022ರ ಚುನಾವಣೆಯಲ್ಲಿ ಮಾಜಿ ನಾಯಕ ಬೈಚುಂಗ್ ಭುಟಿಯಾ ಅವರಿಗೆ ಸಿಕ್ಕದ್ದು ಒಂದೇ ಮತ, ಕಲ್ಯಾಣ್ ಚೌಬೆ ಅವರಿಗೆ ಮೂವತ್ತಮೂರು. ಚೌಬೆಯವರೂ ಗೋಲ್‌ಕೀಪರ್ ಆಗಿದ್ದವರೇ, ಆದ್ದರಿಂದ ಆಡಿದವರು ಕುರ್ಚಿಗೆ ಬಂದಾಕ್ಷಣ ಎಲ್ಲ ಸರಿಯಾಗುತ್ತದೆಂದು ನಾನು ನಂಬುವುದಿಲ್ಲ. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ, ಚಿಲಕವಿಲ್ಲದ ಹಾಲ್‌ನಲ್ಲಿ ಮಲಗಿ ಎದ್ದವರೊಬ್ಬರು ಕುಳಿತಿದ್ದರೆ ಮಾತಿನ ಧಾಟಿ ಖಂಡಿತ ಬದಲಾಗುತ್ತದೆ.

ತೋಟದವ (ಶೃಂಗೇರಿ):

ಕೆಲವು ವರ್ಷ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಕೆಲಸದಲ್ಲಿದ್ದೆ, ಈಗ ಊರಿಗೆ ಮರಳಿ ಅಪ್ಪನ ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಿಕೊಂಡು ಇದ್ದೇನೆ. ಮೆಚ್ಚುಗೆ ಯಾರಿಗೆ ಸಲ್ಲುತ್ತದೆಂಬ ನಿಮ್ಮ ಎರಡನೆಯ ಪ್ರಶ್ನೆಗೆ ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಅಲ್ಲಿನ ಥಾರ್ನ್ಸ್ ಎಂಬ ಮಹಿಳಾ ಫುಟ್‌ಬಾಲ್ ತಂಡದ ಆಟಗಾರ್ತಿ ಮಾನಾ ಶಿಮ್ 2015ರಲ್ಲಿ ತರಬೇತುದಾರನ ವಿರುದ್ಧ ದೂರು ಕೊಟ್ಟಿದ್ದರು. ಕ್ಲಬ್ ಅವನನ್ನು ಸದ್ದಿಲ್ಲದೆ ಕಳುಹಿಸಿತು, ಕಾರಣವನ್ನು ಹೊರಗೆ ಹೇಳಲಿಲ್ಲ. ಅವನು ಅದೇ ಲೀಗಿನ ಮತ್ತೊಂದು ತಂಡ ಸೇರಿ ಕಪ್ಪುಗಳನ್ನೂ ಗೆದ್ದ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಪತ್ರಿಕೆಯೊಂದು ಎಲ್ಲವನ್ನೂ ಬಯಲಿಗೆ ತಂದಾಗ ಆ ವಾರಾಂತ್ಯದ ಪಂದ್ಯಗಳೇ ರದ್ದಾದವು. ಅಕ್ಟೋಬರ್ 6ರಂದು ಆಟ ಮತ್ತೆ ಶುರುವಾದ ರಾತ್ರಿ ನಾನು ಕ್ರೀಡಾಂಗಣದ ಮೇಲಿನ ಸಾಲಿನಲ್ಲಿದ್ದೆ. ಗಡಿಯಾರ ಆರನೆಯ ನಿಮಿಷಕ್ಕೆ ಬಂದಾಗ ಎರಡೂ ತಂಡದವರು ಚೆಂಡನ್ನು ಬಿಟ್ಟು ನಡುವೃತ್ತಕ್ಕೆ ಬಂದು ತೋಳಿಗೆ ತೋಳು ಬೆಸೆದು ನಿಂತರು. ದೂರು ಕೇಳಿಸಿಕೊಳ್ಳಲು ಆರು ವರ್ಷ ಹಿಡಿಯಿತು, ಅದಕ್ಕೇ ಆರನೆಯ ನಿಮಿಷ. ಚೆಂಡು ಹುಲ್ಲಿನ ಮೇಲೆ ಒಂಟಿಯಾಗಿ ಬಿದ್ದಿತ್ತು. ಅಷ್ಟು ಉದ್ದದ ಒಂದು ನಿಮಿಷವನ್ನು ನಾನು ಆಮೇಲೆ ಕಂಡಿಲ್ಲ.

ಅಭಿಮಾನಿ ಗುಂಪುಗಳು ಅನಂತರ ತೆಗೆದುಕೊಂಡ ನಿಲುವು ನನಗೆ ಹಿಡಿಸಿತು. ಪಂದ್ಯಕ್ಕೆ ಬರುವುದನ್ನು ಹೆಚ್ಚಿನವರು ಬಿಡಲಿಲ್ಲ, ಏಕೆಂದರೆ ಖಾಲಿ ಗ್ಯಾಲರಿ ನೋವು ಕೊಡುವುದು ಆಡುವವರಿಗೇ. ಆದರೆ ಒಳಗೆ ತಿಂಡಿ, ಬಿಯರ್, ಕ್ಲಬ್ಬಿನ ಅಂಗಿ ಯಾವುದನ್ನೂ ಕೊಳ್ಳಬೇಡಿ ಎಂದು ಕರೆಕೊಟ್ಟರು. 2022ರ ಅಕ್ಟೋಬರ್‌ನಲ್ಲಿ ಈ ಹಗರಣದ ಬಗ್ಗೆ ವಕೀಲೆ ಸ್ಯಾಲಿ ಯೇಟ್ಸ್ ಅವರ ತನಿಖಾ ವರದಿ ಬಂದ ಮೇಲೆ ಮಾಲೀಕರಾಗಿದ್ದ ಮೆರಿಟ್ ಪಾಲ್ಸನ್ ಕಾರ್ಯನಿರ್ವಾಹಕ ಹುದ್ದೆಯಿಂದ ಇಳಿದರು, ವರ್ಷದ ಕೊನೆಗೆ ತಂಡವನ್ನೇ ಮಾರುವುದಾಗಿ ಹೇಳಿದರು, 2024ರಲ್ಲಿ ಮಾರಿದರು. ಅಭಿಮಾನಿಗಳಿಂದಲೇ ಎಲ್ಲ ಆಯಿತೆಂದು ಹೇಳಿದರೆ ಅದು ಜಂಬವಾದೀತು. ಮೊದಲು ಬಾಯಿಬಿಟ್ಟವರು ಆಟಗಾರ್ತಿಯರು.

ಇನ್ನು 2023ರಲ್ಲೇ ನಡೆದ ಚಿಕ್ಕ ಸಂಗತಿ. ನೀವು ಮನೆಯಲ್ಲಿ ನೋಡಿದ ಫೈನಲ್‌ನಲ್ಲಿ ಎರ್ಮೋಸೊ ಅವರ ಪೆನಾಲ್ಟಿ ತಡೆದ ಇಂಗ್ಲೆಂಡಿನ ಗೋಲ್‌ಕೀಪರ್ ಮೇರಿ ಅರ್ಪ್ಸ್ ಅವರ ಅಂಗಿ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ನೈಕಿ ಗೋಲ್‌ಕೀಪರ್ ಅಂಗಿಯನ್ನು ಮಾರಾಟಕ್ಕೇ ಬಿಟ್ಟಿರಲಿಲ್ಲ. ಲಕ್ಷಕ್ಕೂ ಮೀರಿದ ಜನ ಮನವಿಗೆ ಸಹಿ ಹಾಕಿದ ಮೇಲೆ ಕಂಪನಿ ಮಣಿಯಿತು. ಭದ್ರಾವತಿಯ ಮೇಡಂ ಇದನ್ನು ಓದಿ ಖುಷಿಪಡುತ್ತಾರೆಂದು ಬರೆದೆ.

ನಿವೃತ್ತ ಪಿಟಿ ಮೇಷ್ಟ್ರು (ಸಾಗರ):

ಭದ್ರಾವತಿಯ ತಂಗಿಯ ಮಾತು ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಚಿಲಕವಿಲ್ಲದ ಹಾಲ್‌ಗಳಿಗೆ ನಾನೂ ಮಕ್ಕಳನ್ನು ಕರೆದೊಯ್ದವನೇ; ಬಾಗಿಲು ಹೊರಗಿನಿಂದ ನೋಡಿದ್ದೇನೆ, ಒಳಗಿನಿಂದ ಎಂದೂ ನೋಡಿರಲಿಲ್ಲ.

ಆದರೂ ಮನೆಯವರ ವಿಷಯದಲ್ಲಿ ನನ್ನ ಮಾತು ನಿಲ್ಲುತ್ತದೆ. ಹೇಳುವುದಾದರೆ ಮಕ್ಕಳಿಗೆ ಹೇಳುವ ಮೊದಲು ತಾಯಂದಿರನ್ನು ಕರೆಸಿ ಹೇಳಿ, ಅದೂ ಕಥೆಯಾಗಿ ಬೇಡ. ನಮ್ಮ ತಂಡದ ಜೊತೆ ಯಾವ ಶಿಕ್ಷಕಿ ಬರುತ್ತಾರೆ, ಮಕ್ಕಳ ಸಹಾಯವಾಣಿ 1098 ಎಂಬುದು ಎಲ್ಲಿ ಬರೆದಿರುತ್ತದೆ, ದೂರಿದ್ದರೆ ಯಾರ ಹತ್ತಿರ ಹೋಗಬೇಕು ಎಂಬುದನ್ನು ಮೊದಲು ಹೇಳಿ, ಸ್ಪೇನ್ ಆಮೇಲೆ ಬರಲಿ. 2022ರಲ್ಲಿ ನಮ್ಮದೇ 17 ವರ್ಷದೊಳಗಿನ ಹುಡುಗಿಯರ ತಂಡ ಯುರೋಪ್ ಪ್ರವಾಸದಲ್ಲಿದ್ದಾಗ ಸಹಾಯಕ ತರಬೇತುದಾರನೊಬ್ಬನನ್ನು ದುರ್ನಡತೆಗಾಗಿ ಕೆಲಸದಿಂದ ತೆಗೆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ವಿಶ್ವಕಪ್‌ಗೆ ಹೊರಟ ತಂಡದಲ್ಲೇ ಹಾಗಾಗಬಹುದಾದರೆ ತಾಲ್ಲೂಕು ಮಟ್ಟದಲ್ಲಿ ಆಗದೆಂದು ಹೇಳುವ ಧೈರ್ಯ ನನಗಂತೂ ಇಲ್ಲ.

ತುಂಗಾತೀರ (ತೀರ್ಥಹಳ್ಳಿ ಕಡೆ):

ಎಲ್ಲರಿಗೂ ಕೃತಜ್ಞತೆಗಳು. ಸಾಗರದ ಮೇಷ್ಟ್ರು ಹೇಳಿದಂತೆ ಶನಿವಾರ ಬೆಳಗ್ಗೆ ಮನೆಯವರನ್ನು ಕರೆಸಿದ್ದೆ. ಅಡಿಕೆ ಕೊಯ್ಲಿನ ಸಮಯವಾದ್ದರಿಂದ ಬಂದವರು ಒಂಬತ್ತು ತಾಯಂದಿರು, ಇಬ್ಬರು ಅಜ್ಜಿಯರು, ಒಬ್ಬ ತಂದೆ. ಸುಲಿಯುವ ಕೆಲಸ ಬಿಟ್ಟು ಬಂದವರ ಬೆರಳುಗಳು ಇನ್ನೂ ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದವು. ನಾನು ಪೀಠಿಕೆ ಹಾಕುತ್ತಿದ್ದಾಗಲೇ ಒಬ್ಬರು ತಾಯಿ, “ಅದೆಲ್ಲ ನಮಗೆ ಗೊತ್ತಿಲ್ಲವಾ ಸರ್? ನಾವೂ ಬಸ್ಸಿನಲ್ಲಿ ಓಡಾಡುವವರೇ. ಮಲಗುವ ಕೋಣೆಗೆ ಚಿಲಕ ಇದೆಯಾ, ಅದನ್ನು ಹೇಳಿ” ಎಂದರು. ಯಾರೂ ಮಗಳನ್ನು ತಂಡದಿಂದ ಬಿಡಿಸುವುದಾಗಿ ಹೇಳಲಿಲ್ಲ. ಒಬ್ಬ ಅಜ್ಜಿ ಮಾತ್ರ ಚಡ್ಡಿ ಮೊಣಕಾಲಿನವರೆಗಾದರೂ ಇರಲಿ ಎಂದರು, ಅದು ಬೇರೆ ಚರ್ಚೆ.

ಸಂಜೆ ಮಕ್ಕಳಿಗೆ ಸ್ಪೇನಿನ ಹದಿನೈದು ಜನರ ಕಥೆಯನ್ನೂ ತಾಷ್ಕೆಂಟ್‌ನಿಂದ ಮರಳಿದವರ ಕಥೆಯನ್ನೂ ಹೇಳಿದೆ. ನಾಯಕಿಗೆ, ಆ ದಿನ ಕರೆಂಟು ಹೋಗಿರಲಿಲ್ಲ ಎಂದೂ ಹೇಳಿದೆ. “ಗೊತ್ತಿತ್ತು ಸರ್, ಹೊರಗೆ ಬಂದಾಗ ಅಡುಗೆಮನೆಯ ದೀಪ ಉರಿಯುತ್ತಿತ್ತು” ಎಂದಳು.

ಜಿಲ್ಲಾ ಮಟ್ಟದ ಪಂದ್ಯದ ಅರ್ಜಿಯಲ್ಲಿ ತಂಡದ ವ್ಯವಸ್ಥಾಪಕರ ಹೆಸರಿನ ಜಾಗದಲ್ಲಿ ಪ್ರತಿ ವರ್ಷ ನನ್ನ ಹೆಸರನ್ನೇ ಬರೆಯುತ್ತಿದ್ದೆ. ಈ ಸಲ ನಮ್ಮ ಗಣಿತದ ಮೇಡಂ ಹೆಸರು ಬರೆದು ಅವರ ಸಹಿ ಪಡೆದಿದ್ದೇನೆ. ಅವರಿಗೆ ಆಫ್‌ಸೈಡ್ ಎಂದರೇನೆಂದು ತಿಳಿಯದು. ನಾಯಕಿ ನಿನ್ನೆಯಿಂದ ಸ್ಟಾಫ್ ರೂಮಿನ ಮೇಜಿನ ಮೇಲೆ ಸೀಮೆಸುಣ್ಣದ ತುಂಡುಗಳನ್ನು ಜೋಡಿಸಿ ಅದನ್ನು ಕಲಿಸುತ್ತಿದ್ದಾಳೆ.